ಪರಿಹಾರಕ್ಕೆ ಬಿದ್ದ ಮರದ ಲೆಕ್ಕವಿರಲಿ



2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಗುಜರಾತಿಗೆ ಅಪ್ಪಳಿಸುವ ಮುನ್ನವೇ ನಮ್ಮ ರಾಜ್ಯದ ಕರಾವಳಿಯ ಮನೆ, ದೋಣಿ, ರಸ್ತೆ, ತೆಂಗಿನ ಮರಗಳನ್ನು ಬಲಿ ತೆಗೆದುಕೊಂಡಿತ್ತು. ಅರಬ್ಬಿ ಸಮುದ್ರ ಬಿಸಿಯೇರುತ್ತಿರುವುದರಿಂದ ಇಂಥ ಹೊಡೆತ ಹೆಚ್ಚಲಿದೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ.

ನಮ್ಮ ಗಂಡಸಿ ಊರಿಗೆ ಕಡಲು ದೂರ. ಆದರೆ ತೆಂಗನ್ನೇ ನಂಬಿರುವ ಅರಸೀಕೆರೆ ಸೀಮೆಯವರಿಗೆ ಫಲ ಬಿಡುವ ಮರ ಉರುಳಿದರೆ ಆಗುವ ನಷ್ಟ ಗೊತ್ತು. ಹೊಸದಾಗಿ ನೆಟ್ಟ ನಾಟಿ ಸಸಿ ಕಾಯಿ ಬಿಡಲು ಆರೇಳು ವರ್ಷ ಕಾಯಬೇಕು. ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ನಿಗದಿಯಾದದ್ದು ಹೆಕ್ಟೇರಿಗೆ ₹22,500. ಅದಕ್ಕೂ ಕನಿಷ್ಠ ಶೇ 33ರಷ್ಟು ಬೆಳೆಹಾನಿ ಆಗಿರಬೇಕೆಂಬ ಷರತ್ತಿತ್ತು. ಹಿತ್ತಿಲಿನ ನಾಲ್ಕು ಮರ ಕಳೆದುಕೊಂಡ ಕರಾವಳಿಯ ಮೀನುಗಾರ ಕುಟುಂಬಕ್ಕೆ ಹೆಕ್ಟೇರಿನ ಈ ಲೆಕ್ಕದಲ್ಲಿ ದಕ್ಕುವುದೇನು?

ಕಡಲ್ಕೊರೆತ ತಡೆಯಲೆಂದು ಕಡಲಿಗೆ ಬಂಡೆ ಸುರಿಸಿ ಬಿಲ್ಲು ಮಾಡಿದರೆ ಬದುಕು ಮರಳಿ ಕಟ್ಟಿದಂತಾಗದು. ಬಿದ್ದ ಮರಗಳನ್ನು ಎಣಿಸಿ ಪರಿಹಾರ, ಉಚಿತ ಸಸಿ, ಫಸಲು ಬರುವವರೆಗೆ ಒಂದಿಷ್ಟು ನೆರವು ನೀಡುವ ನಿಯಮವನ್ನು ಸರ್ಕಾರ ರೂಪಿಸಲಿ. ಬಿರುಗಾಳಿಗೆ ತೋಟ ಕಳೆದುಕೊಳ್ಳುವ ಒಳನಾಡಿನ ರೈತರಿಗೂ ಅದು ಅನ್ವಯವಾಗಲಿ.

– ತೆಂಗು ಬೆಳೆಗಾರ, ಗಂಡಸಿ, ಅರಸೀಕೆರೆ ತಾಲ್ಲೂಕು