ಹೊಳೆಯ ಬಿತ್ತನೆ ಬೀಜ

ವಿ.ಸಿ. ಫಾರಂ ಎಂದೊಡನೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತನಿಗೆ ನೆನಪಾಗುವುದು ಬೀಜ. ಭತ್ತವಾಗಲಿ, ರಾಗಿಯಾಗಲಿ, ಬಿತ್ತನೆ ಕಬ್ಬಾಗಲಿ, ಅಲ್ಲಿ ಪರೀಕ್ಷೆಯಾಗಿ ಬಂದದ್ದನ್ನು ನೆಚ್ಚಿ ಅವನು ಗದ್ದೆಗೆ ಇಳಿಯುತ್ತಾನೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಿಂದಿನವರ ಬಾಯಲ್ಲಿ ಇರ್ವಿನ್ ನಾಲೆ, ಈ ಫಾರಂಗೆ ಹೆಸರನ್ನೂ ಕೊಟ್ಟಿತು, ನೀರನ್ನೂ ಕೊಟ್ಟಿತು. ನೆಲದ ಬೆಳೆಗೆ ಬೀಜ ಕಾಯುವ ಏರ್ಪಾಡು ಬೇಕೆಂಬುದನ್ನು ನಾಡು ಅರಿತು ಬಹುಕಾಲವಾಯಿತು. ಆದರೆ ನಾಲೆಗೆ ನೀರು ಕೊಡುವ ಅದೇ ಕಾವೇರಿಯೊಳಗೆ ಯಾರೂ ಬಿತ್ತದೆ ಬೆಳೆಯುವ ಫಸಲೊಂದುಂಟು. ಅದು ಮೀನು. ಅದರ ಬೀಜವನ್ನು ಕಾಯುವವರು ಯಾರು? ಈ ವಾರ ವಾಚಕರ ಮುಂದೆ ನಾವು ಇಡಬಯಸುವ ಪ್ರಶ್ನೆ ಇದು.

ಶಿವನಸಮುದ್ರದ ಕೆಳಗೆ, ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಮುತ್ತತ್ತಿಗಳ ಸುತ್ತಿನ ಮಡುಗಳಲ್ಲಿ ಮಹಶೀರ್ ಎಂಬ ದೊಡ್ಡ ಮೀನು ವಾಸಿಸುತ್ತದೆ. ಹೊಳೆಯ ದಡದವರು ಇದನ್ನು ಬಿಳಿ ಮೀನು ಎನ್ನುತ್ತಾರೆ. ಇದರಲ್ಲಿ ಬೆನ್ನು ಉಬ್ಬಿದ, ರೆಕ್ಕೆ ಕಿತ್ತಳೆ ಬಣ್ಣದ ಜಾತಿಯೊಂದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. ಆ ಉಬ್ಬುಬೆನ್ನಿನ ಮೀನು ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಹೆಸರು ದೊರೆತ ವರ್ಷವೇ ಸಾವಿನ ಸೂಚನೆಯೂ ಬಂತು!

ಈ ಸ್ಥಿತಿ ಹೇಗೆ ಬಂತು? ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮೀನು ಪ್ರವಾಹಕ್ಕೆ ಎದುರಾಗಿ ಈಜಿ, ಹರಳುಕಲ್ಲಿನ ತಳದಲ್ಲಿ ಮೊಟ್ಟೆ ಇಡುತ್ತದೆ. ಕನ್ನಂಬಾಡಿ, ಕಬಿನಿ, ಮೆಟ್ಟೂರು ಕಟ್ಟೆಗಳು ಈ ದಾರಿಯನ್ನು ತುಂಡು ತುಂಡು ಮಾಡಿದವು. ಕಟ್ಟೆಗಳಿಂದ ನಮ್ಮ ಜಿಲ್ಲೆ ಉಂಡಿದೆ. ಅವನ್ನು ಹಳಿಯುವ ಕೃತಘ್ನತೆ ನಮ್ಮದಲ್ಲ. ಆದರೆ ಉಂಡವರು ಸಾಲದ ಲೆಕ್ಕವನ್ನೂ ಇಡಬೇಕು. ಕಟ್ಟೆಯ ಮೇಲೆ ಮರಳು ದಂಧೆ ಬಂತು, ಮೊಟ್ಟೆಯಿಡುವ ತಳವೇ ಲಾರಿ ಹತ್ತಿತು. ಎಲ್ಲಕ್ಕಿಂತ ಹೇಯವಾದದ್ದು ಸಿಡಿಮದ್ದು. ಬಂಡೆ ಒಡೆಯಲು ತಂದ ಮದ್ದನ್ನು ಮಡುವಿಗೆ ಎಸೆದರೆ ಕ್ಷಣಮಾತ್ರದಲ್ಲಿ ದೊಡ್ಡ ಮೀನು, ಮರಿ, ಮೊಟ್ಟೆ ಎಲ್ಲವೂ ನಾಶ. ಸತ್ತದ್ದರಲ್ಲಿ ತೇಲಿ ಕೈಗೆ ಸಿಗುವುದು ಒಂದಿಷ್ಟು; ಉಳಿದದ್ದು ತಳಕ್ಕೆ ಮುಳುಗಿ ಕೊಳೆಯುತ್ತದೆ. ಬಲೆ ಬೀಸಿದವನು ಫಸಲು ಕೊಯ್ಯುತ್ತಾನೆ. ಮದ್ದು ಎಸೆದವನು ಕಣಜಕ್ಕೇ ಬೆಂಕಿ ಇಡುತ್ತಾನೆ.

ಕಾಯಿದೆ ಇಲ್ಲವೇ? ಬೇಕಾದಷ್ಟಿದೆ. ಸಿಡಿಮದ್ದು ಹಾಕಿ, ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆಂದೇ ಒಂದು ಶಾಸನ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ, 1987ರಲ್ಲಿ ಕಾವೇರಿ ವನ್ಯಧಾಮ, 1996ರಲ್ಲಿ ರಾಜ್ಯದ ಒಳನಾಡು ಮೀನುಗಾರಿಕೆ ಕಾಯಿದೆ. ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಗದದ ಮೇಲೆ ಮೀನು ಸುರಕ್ಷಿತವಾಗಿದೆ. ನೀರಿನಲ್ಲಿ ಮಾತ್ರ ಇಲ್ಲ. ಕಾಯಿದೆಯನ್ನು ತನ್ನದೆಂದು ಭಾವಿಸುವ ಜನ ದಡದಲ್ಲಿ ಇಲ್ಲದಿದ್ದರೆ ಕಾವಲುಗಾರನೊಬ್ಬ ಎಷ್ಟು ಮಡು ಕಾದಾನು?

ಮೀನಿಗೆ ಒಳಿತು ಮಾಡುತ್ತೇವೆಂದು ಹೊರಟವರಿಂದಲೂ ಒಂದು ಪ್ರಮಾದ ನಡೆದಿದೆ. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅದು ಬೇರೆ ಜಾತಿ. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿ, ಹಿಡಿದು, ತೂಗಿ, ಮರಳಿ ನೀರಿಗೆ ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದರು. ತಂದುಬಿಟ್ಟ ನೀಲಿ ರೆಕ್ಕೆಯದು ಏರುತ್ತ ಹೋಗಿತ್ತು. ಊರಿನ ಉಬ್ಬುಬೆನ್ನಿನ ಮೀನು ಕುಸಿಯುತ್ತ ಬಂದಿತ್ತು. ಒಂದು ಹೊಸ ಭತ್ತದ ತಳಿಯನ್ನು ರೈತನ ಕೈಗೆ ಕೊಡುವ ಮುನ್ನ ವಿ.ಸಿ. ಫಾರಂನಂಥ ಕಡೆ ಎಷ್ಟು ಹಂಗಾಮು ಬೆಳೆದು ನೋಡುತ್ತಾರೆ! ಒಂದು ನದಿಗೇ ಹೊಸ ಜಾತಿಯನ್ನು ಸುರಿಯುವಾಗ ಆ ಎಚ್ಚರ ಎಲ್ಲಿ ಹೋಗಿತ್ತು?

ಗಾಳದ ಶಿಬಿರಗಳ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ದೂರದ ದೇಶಗಳಿಂದ ಬಂದು ಹಣ ತೆತ್ತು ಮೀನು ಹಿಡಿದು ಬಿಡುವುದು ಉಳ್ಳವರ ವಿನೋದ. ಅದನ್ನು ನಾವು ಹೊಗಳುವವರಲ್ಲ. ಆದರೂ ಆ ವಿನೋದದ ಹಣದಲ್ಲಿ ದಡದ ಹಳ್ಳಿಗಳ ಕೆಲವರಿಗೆ ಕೂಲಿ ಹುಟ್ಟುತ್ತಿತ್ತು. ತೆಪ್ಪ ಹುಟ್ಟು ಹಾಕುವವರು, ದಾರಿ ತೋರುವವರು, ಮದ್ದಿನವರನ್ನು ಓಡಿಸುವ ಕಾವಲಿನವರು ಅದರಿಂದ ಅನ್ನ ಕಾಣುತ್ತಿದ್ದರು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು ಅರ್ಥ ಮಾಡಿದ ಮೇಲೆ 2012ರ ಹೊತ್ತಿಗೆ ಅದು ನಿಂತಿತು. ಗಾಳ ನಿಂತದ್ದಕ್ಕೆ ನಮ್ಮ ತಕರಾರಿಲ್ಲ. ಕಾವಲಿನವನ ಕೂಲಿಯೂ ಅದರೊಡನೆ ನಿಂತದ್ದಕ್ಕೆ ತಕರಾರಿದೆ. ಬಾಗಿಲು ಮುಚ್ಚುವ ಸರ್ಕಾರ, ಬಾಗಿಲು ಕಾಯುತ್ತಿದ್ದವನ ಅನ್ನಕ್ಕೆ ಬೇರೆ ದಾರಿ ತೋರಬೇಡವೇ?

ಬಳಸುವವನೇ ಕಾಯುವವನಾಗಬಲ್ಲ ಎಂಬುದಕ್ಕೆ ನಿದರ್ಶನ ಹುಡುಕಿ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಹಳ್ಳಿಗರು ಅವನ್ನು ಕಾಣುತ್ತಾರೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿರುವ ಹುಣಿಸೆ ಮರದ ಫಸಲು ಮಾತ್ರ ಒಡೆಯನಿಗೆ ನಷ್ಟ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಲಾಭವೂ ಹೊಣೆಯೂ ಒಂದೇ ಅಂಗಳದಲ್ಲಿದ್ದುದರಿಂದ ಹಕ್ಕಿ ಉಳಿಯಿತು.

ನೆರೆಯ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಹಕ್ಕಿಗಾಗಿ ಹೋರಾಡಿದ ಕಥೆ. ಜೇನು, ನೆಲ್ಲಿಕಾಯಿ, ಪಾಚಿ ಕೂಡಿಸಿ ಮಾರಿ ಬದುಕುತ್ತಿದ್ದವರಿಗೆ, ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ತರುವಾಯ ಆ ದಾರಿ ಮುಚ್ಚಿತು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಅವರು ಹೋರಾಡಿದರು. 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ದೊರೆಯಿತು. ಅದೇ ವರ್ಷ ಆ ಕಾಡು ಹುಲಿ ರಕ್ಷಿತಾರಣ್ಯವೂ ಆಗಿತ್ತೆಂಬುದನ್ನು ಗಮನಿಸಬೇಕು. ಹಕ್ಕುಪತ್ರವೂ ಹುಲಿಯೂ ಒಂದೇ ಕಾಡಿನಲ್ಲಿ ಇರಬಹುದು ಎಂದಾಯಿತು.

ನಮ್ಮ ಹೊಳೆದಡದವರು ತಿಳಿಯಬೇಕಾದ ಮಾತು ಇಲ್ಲಿದೆ. ಅದೇ ಕಾಯಿದೆಯ ಮೂರನೆಯ ಪ್ರಕರಣ, ಸಮುದಾಯದ ಹಕ್ಕುಗಳಲ್ಲಿ ಮೀನನ್ನೂ ಜಲಮೂಲಗಳ ಇತರ ಉತ್ಪನ್ನಗಳನ್ನೂ ಹೆಸರಿಸಿಯೇ ಸೇರಿಸಿದೆ. ಗಿರಿಜನರಲ್ಲದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಇದು ಸುಲಭವಲ್ಲ. ಆದರೂ ಬಾಗಿಲು ಇದೆ, ತಟ್ಟಬೇಕಾದವರು ತಟ್ಟಬೇಕು. ಅದೇ ಕಾಯಿದೆ, ಹಕ್ಕು ಪಡೆದವರು ಕಾಡನ್ನೂ ಜೀವಿಗಳನ್ನೂ ರಕ್ಷಿಸಬೇಕೆಂಬ ಹೊಣೆಯನ್ನೂ ಹೊರಿಸುತ್ತದೆ.

‘ಕೂಲಿಯವನ ಹೊಟ್ಟೆಯೇ ತುಂಬದಿರುವಾಗ ಮೀನಿನ ಚಿಂತೆ ಯಾಕೆ ಸ್ವಾಮಿ?’ ಎಂದು ಗಿರಣಿಯ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಟ್ಟೆಯ ಸಲುವಾಗಿಯೇ ನಾವು ಈ ಮಾತು ಎತ್ತಿದ್ದೇವೆ. ಭಾನುವಾರ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಮದ್ದಿನ ಮೀನು, ಮುಂದಿನ ಹತ್ತು ಭಾನುವಾರಗಳ ಮೀನನ್ನು ನುಂಗಿಕೊಂಡು ಬಂದಿರುತ್ತದೆ. ಹೊಳೆ ಬರಿದಾದರೆ ಉಳ್ಳವನು ಬೇರೆ ಊರಿನಿಂದ ಮಂಜುಗಡ್ಡೆಯಲ್ಲಿ ತರಿಸಿಕೊಳ್ಳುತ್ತಾನೆ. ಬೆಸ್ತರವನ ಬಲೆ ಗೂಟಕ್ಕೆ ನೇತಾಡುತ್ತದೆ, ಚಿಲ್ಲರೆ ವ್ಯಾಪಾರಿಯ ಬುಟ್ಟಿ ಮಗುಚುತ್ತದೆ, ಕಾರ್ಮಿಕನ ತಟ್ಟೆಯಿಂದ ಮೀನು ಮಾಯವಾಗುತ್ತದೆ. ನಿಯಮಕ್ಕೆ ತಗ್ಗಿ ಬಲೆ ಬೀಸುವ ಬಡವನು, ನಿಯಮ ಮುರಿದ ಮದ್ದಿನವನ ಬೆಲೆಯ ಮುಂದೆ ಪೇಟೆಯಲ್ಲಿ ನಿಲ್ಲಲಾರ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಮೊದಲನೆಯದು, ಉಬ್ಬುಬೆನ್ನಿನ ಮಹಶೀರ್ ಮತ್ತೆ ತುಂಬಿ ಬರುವವರೆಗೆ ಬಲೆಗೂ ಬೇಡ, ಗಾಳಕ್ಕೂ ಬೇಡ, ಬಡವನಿಗೂ ಬೇಡ, ಸಾಹುಕಾರನಿಗೂ ಬೇಡ. ಬಿತ್ತನೆ ಬೀಜವನ್ನು ಬರಗಾಲದಲ್ಲೂ ಒಕ್ಕಲಿಗ ತಿನ್ನುವುದಿಲ್ಲ. ಎರಡನೆಯದು, ವನ್ಯಧಾಮದ ಹೊರಗಿನ ಹೊಳೆಯಲ್ಲಿ, ಕೆರೆಯಲ್ಲಿ, ಉಳಿದ ಮೀನಿನ ಹಕ್ಕು ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರನ ಪಾಲಾಗದೆ ದಡದ ಮೀನುಗಾರರ ಸಹಕಾರ ಸಂಘಗಳಿಗೆ ಸೇರಲಿ. ಬಲೆಯ ಕಣ್ಣು ಎಷ್ಟಿರಬೇಕು, ಮೊಟ್ಟೆಯಿಡುವ ಮಳೆಗಾಲದಲ್ಲಿ ಎಷ್ಟು ದಿನ ಬಿಡುವು ಎಂಬುದನ್ನು ನಡೆಸಿಕೊಡುವ ಹೊಣೆಯೂ ಆ ಸಂಘಗಳದೇ ಆಗಲಿ. ಮೂರನೆಯದು, ಮಡು ಕಾಯುವ ಕೆಲಸಕ್ಕೆ ದಡದ ಹಳ್ಳಿಗಳ ಜನರನ್ನೇ ಸಂಬಳ ಕೊಟ್ಟು ನೇಮಿಸಲಿ. ನಾಲ್ಕನೆಯದು, ಕಲ್ಲು ಗಣಿಗೆ ಕೊಟ್ಟ ಸಿಡಿಮದ್ದಿನ ಪ್ರತಿ ತೂಕಕ್ಕೂ ಲೆಕ್ಕ ಕೇಳಲಿ. ಹೊಳೆಗೆ ಬಿದ್ದ ಮದ್ದು ಯಾವುದೋ ಉಗ್ರಾಣದಿಂದಲೇ ಹೊರಟಿರಬೇಕಲ್ಲವೇ?

ಸರ್ಕಾರದತ್ತ ಬೆರಳು ತೋರಿದ ಮೇಲೆ ನಮ್ಮವರಿಗೂ ಒಂದು ಮಾತು. ಮದ್ದಿನಿಂದ ಸತ್ತ ಮೀನಿನ ಮೈಮೇಲೆ ಬಲೆಯ ಗಾಯವಾಗಲಿ ಗಾಳದ ಗುರುತಾಗಲಿ ಇರುವುದಿಲ್ಲ. ಕೊಯ್ದರೆ ಬೆನ್ನುಮೂಳೆ ಮುರಿದಿರುವುದುಂಟು, ಹೊಟ್ಟೆಯೊಳಗಿನ ಗಾಳಿಯ ಚೀಲ ಒಡೆದು ರಕ್ತ ಕಟ್ಟಿರುವುದುಂಟು. ಅಂಥದ್ದನ್ನು ವ್ಯಾಪಾರಿ ಬುಟ್ಟಿಗೆ ಹಾಕಬಾರದು, ಕಾರ್ಮಿಕ ಚೀಲಕ್ಕೆ ಹಾಕಬಾರದು. ಕೊಳ್ಳುವವನಿಲ್ಲದ ದಿನ ಮದ್ದು ಎಸೆಯುವವನೂ ಇರುವುದಿಲ್ಲ. ಸಂತೆಯ ಒಂದು ಸಾಲಿನ ವ್ಯಾಪಾರಿಗಳು ಕೂಡಿ ಹೀಗೆ ನಿರ್ಧರಿಸಿದರೆ ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ. ಈ ವಾರದ ಸಂತೆಯಿಂದಲೇ ಅದು ಆರಂಭವಾಗಲಿ.