'ಪ್ರಯತ್ನಿಸತಕ್ಕದ್ದು' ಅಂದ್ರೆ ಏನ್ರೀ?

ಕಾನೂನಿನ ಒಂದೇ ಒಂದು ಪದ ಒಂದು ಮಗುವಿನ ಹಣೆಬರಹ ಬರೆಯುತ್ತೆ ಅಂದ್ರೆ ನೀವು ನಗಬಹುದು. ನಗುವ ಮೊದಲು ಇದನ್ನು ಓದಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಹೇಳೋದಿಷ್ಟು: ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಾಲೆಗಳೂ ಸಮನ್ವಯ ಶಿಕ್ಷಣ ಕೊಡುವಂತೆ ಸರ್ಕಾರ 'ಪ್ರಯತ್ನಿಸತಕ್ಕದ್ದು'. ಕೊಡಿಸತಕ್ಕದ್ದು ಅಲ್ಲ, ಪ್ರಯತ್ನಿಸತಕ್ಕದ್ದು! ನಮ್ಮ ಕಡೆ ಕಚೇರಿಗಳಲ್ಲಿ "ಪ್ರಯತ್ನ ಮಾಡ್ತೀವ್ರಿ" ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಸಿಂದಗಿ ತಾಲ್ಲೂಕಿನ ಮೋರಟಗಿಯಂಥ ಊರನ್ನೇ ತಗೊಳ್ಳಿ. ಕಣ್ಣು ಕಾಣದ ಮಗುವನ್ನು ಕರ್ಕೊಂಡು ಶಾಲೆಗೆ ಹೋದ್ರೆ ಇಂಥ ಊರುಗಳಲ್ಲಿ ಎಷ್ಟೋ ಕಡೆ ಸಿಗುವ ಉತ್ತರ, "ಈ ಕೂಸಿಗೆ ಕಲಸಾವ್ರು ನಮ್ಮಲ್ಲಿ ಇಲ್ರಿ, ವಿಜಯಪುರಕ್ಕ ಕಳಸ್ರಿ." ಮಾಸ್ತರರನ್ನೇ ಬೈದು ಏನುಪಯೋಗ? ಬ್ರೈಲ್ ಗೊತ್ತಿಲ್ಲದವರು ಬ್ರೈಲ್ ಹೇಗೆ ಕಲಿಸ್ತಾರೆ?

ಅದೇ ಕಾಯ್ದೆಯ 31ನೇ ಕಲಮು 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿನ್ನದು ಅನ್ನುತ್ತೆ. ಒಂದೇ ಬಾಗಿಲು ತೆರೆದಿಟ್ಟು ಆಯ್ಕೆ ಮಾಡ್ಕೊ ಅನ್ನೋದು ಎಂಥಾ ನ್ಯಾಯ?

"ವಿಶೇಷ ಶಾಲೆಗಳು ಬೇಡವೇ?" ಅಂತ ಕೇಳುವವರಿದ್ದಾರೆ. ಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ನಾಡಿನ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡೂ ಕೊಟ್ಟಿದೆ. ಪಂಚಾಕ್ಷರ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕೈ ಮುಗಿಯೋಣ. ಆದ್ರೆ ಪುಣ್ಯ ಬೇರೆ, ಹಕ್ಕು ಬೇರೆ. ಕಣ್ಣಿಲ್ಲದವರೆಲ್ಲ ಹಾಡಲೇಬೇಕೇ? ಅಕ್ಕ-ತಂಗಿಯರ ಜೊತೆ ಊರ ಶಾಲೆಗೆ ಹೋಗಿ ಗಣಿತ ಕಲೀಬಾರದೇ?

ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲೇ ಲೆಕ್ಕ ಹಾಕಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಅದರ ಮೇಲೆ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು. ಆದರೂ ಹುದ್ದೆ ಮಂಜೂರು ಮಾಡ್ರಪ್ಪಾ ಅಂತ 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯ್ತು.

ನನ್ನ ಪ್ರಕಾರ ತಿದ್ದುಪಡಿ ಮೂರೇ ಸಾಕು. 'ಪ್ರಯತ್ನಿಸತಕ್ಕದ್ದು' ಹೋಗಿ 'ಒದಗಿಸತಕ್ಕದ್ದು' ಬರಲಿ. 10ಕ್ಕೊಬ್ಬರು, 15ಕ್ಕೊಬ್ಬರು ಅನ್ನುವ ಲೆಕ್ಕ ಕಾಯ್ದೆಯೊಳಗೇ ಸೇರಲಿ. ಸೇರಿಸಿಕೊಳ್ಳೋಕೆ ಆಗಲ್ಲ ಅನ್ನುವ ಶಾಲೆ ಕಾರಣವನ್ನು ಬರೆದು ಕೊಡಲಿ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ಸೇರಿಸಿದ ಗೃಹಾಧಾರಿತ ಶಿಕ್ಷಣ ತೀವ್ರ ನ್ಯೂನತೆಯ ಮಕ್ಕಳು ಬೇಕೆಂದರೆ ಆರಿಸಿಕೊಳ್ಳುವ ಹಕ್ಕು. ಅದು ಶಾಲೆಯವರು ಕೈ ತೊಳ್ಕೊಳ್ಳೋ ನೆಪ ಆಗಬಾರದು.

ಬಾಯಲ್ಲಿ 'ಬೇಡ' ಅನ್ನೋದು ಸುಲಭ. ಸಹಿ ಹಾಕಿ 'ಬೇಡ' ಅನ್ನಲಿ ನೋಡೋಣ!

ನೀವೇನಂತೀರಿ?