ಹೆಸರು ಬಂತು, ಸಹಿ ಯಾರದು?



2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಯಾಮಿ ಡಿಸೈನ್ ಮೇಳದಲ್ಲಿ ಗಾಯಕಿ ರಿಹಾನಾ ಒಂದು ಕುರ್ಚಿ ಮೇಲೆ ಕೂತ ಫೋಟೋ ಬಂತು. ನಿಮ್ಮಲ್ಲಿ ಸುಮಾರು ಜನ ನೋಡಿರ್ತೀರಿ. ಅದು 'ಚಮಾರ್ ಸ್ಟುಡಿಯೋ'ದ ಕುರ್ಚಿ. ಈ ಸ್ಟುಡಿಯೋ ಕಟ್ಟಿದವರು ಮುಂಬೈ ಕಲಾವಿದ ಸುಧೀರ್ ರಾಜ್‌ಭರ್.

2015ರಲ್ಲಿ ಮಹಾರಾಷ್ಟ್ರ ಸರ್ಕಾರ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದಾಗ ಪೆಟ್ಟು ಬಿದ್ದಿದ್ದು ಧಾರಾವಿಯ ಚರ್ಮದ ಕೆಲಸಗಾರರ ಹೊಟ್ಟೆಗೆ. ರಾಜ್‌ಭರ್ ಅವರ ಜೊತೆ ಸೇರಿ, ಚರ್ಮದ ಬದಲು ಮರುಬಳಕೆಯ ರಬ್ಬರ್‌ನಲ್ಲಿ ಬ್ಯಾಗು, ಕುರ್ಚಿ ಮಾಡತೊಡಗಿದರು. ವಸ್ತು ಬದಲಾಯ್ತು, ಕೈ ಅದೇ.

ನನಗೆ ದೊಡ್ಡದು ಅನ್ನಿಸಿದ್ದು ಆ ಹೆಸರು. ಅವಮಾನ ಮಾಡೋಕೆ ಅಂತಲೇ ಒಬ್ಬರನ್ನು 'ಚಮಾರ್' ಎಂದು ಕರೆದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಪದವನ್ನು ಲೇಬಲ್ ಮಾಡಿ ದುಬಾರಿ ಮಾರುಕಟ್ಟೆಯಲ್ಲಿ ಇಡೋಕೆ ಎದೆಗಾರಿಕೆ ಬೇಕು. "ಆ ಪದ ಮತ್ತೆ ಯಾಕಣ್ಣ?" ಅಂತ ಕೇಳುವ ನಮ್ಮವರ ನೋವೂ ನಿಜವೇ. ಆದರೆ ಕಸುಬು ಬೇಕು, ಕಸುಬಿನವರ ಹೆಸರು ಬೇಡ ಅನ್ನೋ ಲೋಕಕ್ಕೆ ಇದು ತಕ್ಕ ಉತ್ತರ.

ಆ ಲೋಕ ಹೇಗಿರುತ್ತೆ ಅನ್ನೋದಕ್ಕೆ ಪ್ರಾಡಾ ನೋಡಿ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಕೊಲ್ಹಾಪುರಿ ಥರದ್ದೇ ಚಪ್ಪಲಿ ತೋರಿಸಿದರು, ಎಲ್ಲಿಯದು ಅಂತ ಹೇಳಲಿಲ್ಲ. ಗಲಾಟೆ ಆದ ಮೇಲೆ ಒಪ್ಪಿಕೊಂಡರು. ಈ ಚಪ್ಪಲಿಗೆ 2019ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಅದು ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಅಥಣಿಯ ಸಮಗಾರರ ಬೆವರೂ ಅದರಲ್ಲಿದೆ.

ಆದರೆ ಸಮುದಾಯದ ಹೆಸರಷ್ಟೇ ಸಾಕಾ? ಆಫೀಸಲ್ಲಿ ಫೈಲ್ ನೋಡೋ ನನಗೆ ಒಂದು ಗೊತ್ತು: ಟೈಪ್ ಮಾಡಿದವನು ಯಾರೇ ಇರಲಿ, ಕೊನೆಗೆ ಲೆಕ್ಕಕ್ಕೆ ಬರೋದು ಸಹಿ. ಕಲಾಲೋಕವೂ ಹಾಗೇ. 'ಸಹಯೋಗ' ಅನ್ನೋ ಪದ ಚೆಂದ. ಗ್ಯಾಲರಿ ಗೋಡೆ ಮೇಲೆ ಕಲಾವಿದನ ಹೆಸರಿರುತ್ತೆ, ಹೊಲಿದವರು 'ಕುಶಲಕರ್ಮಿಗಳು' ಅನ್ನೋ ಒಂದೇ ಪದದೊಳಗೆ ಕರಗಿಹೋಗ್ತಾರೆ.

ಅದಕ್ಕೇ, ನಮ್ಮ ಕೇರಿಗೆ ಬರುವ ಯಾವುದೇ ಕಲಾವಿದ, ಡಿಸೈನರ್, ಕಂಪನಿಗೆ ಮೂರು ಪ್ರಶ್ನೆ ಕೇಳೋಣ. ಮಾಡಿದವರ ಹೆಸರು ವಸ್ತುವಿನ ಮೇಲೆ ಇರುತ್ತಾ? ಕೂಲಿ ಮಾತ್ರವಾ, ಲಾಭದಲ್ಲೂ ಪಾಲಾ? ವಿನ್ಯಾಸದ ಹಕ್ಕು ಯಾರದು? ಉತ್ತರ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ಬರಲಿ. ನಮ್ಮ ಲಿಡ್ಕರ್ ಕೂಡ ಯಾವ ಒಪ್ಪಂದಕ್ಕೂ ಮೊದಲು ಇದನ್ನೇ ಕೇಳಲಿ.

ನಾವು ಕೇಳ್ತಿರೋದು ದಯೆ ಅಲ್ಲ, ಪಾಲು.

ಜೈ ಭೀಮ್.